ಮಲವಗೊಪ್ಪದ ಮೇಲೆ ಸಾಲುದೀಪ

ಆ ಬಸ್ಸಿನ ಬ್ರೇಕಿನ ಸದ್ದು ಇನ್ನೂ ಕಿವಿಯಲ್ಲಿದೆ. ಬಟ್ಟೆ ಮಡಿಸುತ್ತಿರುವಾಗ ಕೇಳಿಸುತ್ತದೆ. ಕೂಡಲೇ ಅಮ್ಮ ಎಲ್ಲಿದ್ದಾಳೆಂದು ತಿರುಗಿ ನೋಡುತ್ತೇನೆ.

ಭದ್ರಾವತಿಯಲ್ಲಿ ತಂಗಿಯ ಮಗುವಿನ ನಾಮಕರಣ ಮುಗಿಸಿ, ಅಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಿನೋಬನಗರದ ಮನೆಗೆ ಬರುತ್ತಿದ್ದೆ. ಮಲವಗೊಪ್ಪದ ಹತ್ತಿರ ಹೊತ್ತು ಮುಳುಗಿತ್ತು. ಆಕಾಶದಲ್ಲಿ ದೀಪಗಳ ಸಾಲೊಂದು, ಒಂದರ ಹಿಂದೊಂದು, ಸದ್ದಿಲ್ಲದೆ ಹೋಗುತ್ತಿತ್ತು.

ನಾನು ತಲೆಯೆತ್ತಿದೆ. ಎತ್ತಬಾರದಿತ್ತು. ಅದೇ ಹೊತ್ತಿಗೆ ಅಮ್ಮ ನನ್ನ ಹೆಗಲು ಬಿಟ್ಟು ಎರಡೂ ಕೈ ಮುಗಿದಿದ್ದಳು. ದಾರಿಯಲ್ಲಿ ಗುಡಿ ಕಂಡರೂ ಹಾಗೆಯೇ ಮಾಡುವವಳು. ಚಕ್ರ ಗುಂಡಿಗಿಳಿಯಿತು. ಬೆನ್ನ ಹಿಂದೆ ಭಾರವೇ ಇಲ್ಲವಾಯಿತು. ಆಮೇಲೆ ಆ ಬ್ರೇಕು.

ಹಿಂದಿನಿಂದ ಬಂದ ಬಸ್ಸು ಒಂದು ಮಾರು ದೂರದಲ್ಲಿ ನಿಂತಿತ್ತು. ಅದರ ಮುಂದೆ ಡಾಂಬರಿನ ಮೇಲೆ ಅಮ್ಮ ಕೂತಿದ್ದಳು.

“ಏನಮ್ಮಾ, ಚುಕ್ಕಿ ಎಣಿಸ್ಕೊಂಡು ಗಾಡಿ ಓಡಿಸ್ತೀರಾ?” ಡ್ರೈವರ್ ಕೆಳಗಿಳಿದು ಕೂಗಿದ. ನಾನು ಸ್ಕೂಟರು ನಿಲ್ಲಿಸಿ ಅಮ್ಮನ ಕಡೆ ಓಡಿದೆ.

ಅಮ್ಮನೇ ಹೇಳಿದಳು: “ಆಮೇಲೆ ಬೈಯಪ್ಪ. ಮೊದ್ಲು ಮೇಲೆ ನೋಡು, ಹೊರಟೋಗತ್ತೆ.”

ಅವನು ನೋಡಿದ. ನೋಡಿ ಚಪ್ಪಲಿ ಬಿಟ್ಟ.

ಬಸ್ಸಿನವರೆಲ್ಲ ಇಳಿದರು. “ಏಲಿಯನ್ಸ್ ಕಣ್ರೀ,” ಎಂದ ಕಂಡಕ್ಟರ್. “ಏನ್ ಶಿಸ್ತು ನೋಡಿ! ನೀವು ಒಂದಿನ ಹಿಂಗೆ ಲೈನಲ್ಲಿ ಹತ್ತಿದೀರಾ?”

ಅಮ್ಮನನ್ನು ಎಬ್ಬಿಸಲು ಕೈಕೊಟ್ಟ ಕಾಲೇಜು ಹುಡುಗಿ ನಕ್ಕಳು. “ಸ್ಯಾಟಲೈಟುಗಳು ಅಂಕಲ್, ಒಟ್ಟಿಗೆ ಹಾರಿಸಿರೋದು. ಎಷ್ಟೊತ್ತಿಗೆ ಬರತ್ತೆ ಅಂತ ಆ್ಯಪಲ್ಲೇ ಇರತ್ತೆ.”

“ಹಂಗಾದ್ರೆ ನಮ್ ಬಸ್ಸಿಗಿಂತ ವಾಸಿ ಬಿಡು!”

ರಸ್ತೆಯೆಲ್ಲ ನಗು. ಮೊಣಕೈ ತರಚಿಕೊಂಡಿದ್ದ ಅಮ್ಮನದೇ ಜೋರು. ನಾನು ಮಾತ್ರ ಅವಳ ತೋಳು ಬಿಟ್ಟಿರಲಿಲ್ಲ.

ಚಿಕ್ಕಂದಿನಲ್ಲಿ ಭದ್ರಾವತಿಯ ಮನೆಯಂಗಳದಿಂದಲೂ ಹೀಗೆ ಆಕಾಶ ನೋಡುತ್ತಿದ್ದೆವು. ಅಪ್ಪ ದುಡಿಯುತ್ತಿದ್ದ ಕಬ್ಬಿಣದ ಕಾರ್ಖಾನೆಯವರು ಅದಿರು ಕರಗಿಸಿ ಉಳಿದ ಕುದಿಯುವ ಕಿಟ್ಟ ಸುರಿದಾಗ ಮೋಡವೆಲ್ಲ ಕೆಂಪಾಗುತ್ತಿತ್ತು. ಪುಣ್ಯವಂತರನ್ನು ಕರೆದೊಯ್ಯಲು ದೇವಲೋಕದ ವಿಮಾನ ಇಳಿಯುತ್ತಿದೆ ಎಂದು ಅಜ್ಜಿ ಕೈ ಮುಗಿಯುತ್ತಿದ್ದಳು. ವಾರಪತ್ರಿಕೆಗಳಲ್ಲಿ ಹಾರುವ ತಟ್ಟೆಯ ಸುದ್ದಿ ಓದಿದ್ದ ನಾನು, ಅದರಲ್ಲಿ ಬಂದವರು ನನ್ನನ್ನೇ ಎತ್ತಿಕೊಂಡು ಹೋಗುತ್ತಾರೆಂದು ಮಂಚದಡಿ ಸೇರುತ್ತಿದ್ದೆ. ಅಮ್ಮ ಬಗ್ಗಿ ಕೇಳುತ್ತಿದ್ದಳು: “ಅಷ್ಟು ದೂರದಿಂದ ಬಂದೋರು, ಪಾಪ, ಊಟ ಮಾಡಿದೀರಾ ಅಂತ ಕೇಳೋದು ಬಿಟ್ಟು ಅಡಗ್ತೀಯಲ್ಲೇ?” ಮುಂದೆ ಭೌತಶಾಸ್ತ್ರ ಓದಿದ ಮೇಲೆ ನಾನು ಮಂಚದಡಿಯಿಂದ ಹೊರಬಂದೆ. ಬಸ್ಸಿನ ಆ ಕಾಲೇಜು ಹುಡುಗಿಗಂತೂ ಆಕಾಶವೇ ಒಂದು ವೇಳಾಪಟ್ಟಿ. ಅಮ್ಮ ಮಾತ್ರ ಆಗಲೂ ಈಗಲೂ ನೆಂಟರನ್ನು ಕಾಯುವವಳೇ.

ಆ ಆ್ಯಪನ್ನು ಅವಳ ಫೋನಿಗೂ ಹಾಕಿಕೊಟ್ಟಿದ್ದೇನೆ. “ಇವತ್ತು ಆರೂಮುಕ್ಕಾಲಿಗೆ ಬರ್ತಾರೆ,” ಎಂದು ಮೊನ್ನೆ ನನ್ನನ್ನು ತಾರಸಿಗೆ ಎಳೆದುಕೊಂಡು ಹೋದಳು. ಸಾಲುದೀಪ ಕಾಣಿಸಿತು. ಅವಳ ಎರಡೂ ಕೈ ಮೇಲೆದ್ದವು.

“ಅಮ್ಮಾ, ಕೈ!” ಎಂದು ಚೀರಿದೆ.

“ತಾರಸಿ ಮೇಲಿದೀವಿ ಮಾರಾಯ್ತಿ, ಯಾವ ಗುಂಡಿ ಬರತ್ತೆ ಇಲ್ಲಿ?” ಎಂದು ನಕ್ಕಳು. ಆದರೂ ಒಂದು ಕೈ ಇಳಿಸಿ ನನ್ನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದನ್ನು ಹಣೆಗೆ ಮುಟ್ಟಿಸಿ, ದೀಪಗಳು ಮರೆಯಾಗುವವರೆಗೂ ನೋಡುತ್ತ ನಿಂತಳು.