ಇಸ್ತ್ರಿ ಅಕ್ಕನ ಹಿತ್ತಲು

"ಆ ಮನೇಲಿ ಒಂದೋ ನಾಯಿಗಳು ಕಚ್ಚಾಡ್ತವೆ, ಇಲ್ಲಾ ಗಂಡ ಹೆಂಡ್ತಿ" ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಹಾಗೆ ಆಡಿಕೊಂಡವರೇ ಬೆಳಗಾದರೆ ಮುದುರಿದ ಬಟ್ಟೆಯ ಗಂಟನ್ನೂ ತಮ್ಮ ನಾಯಿಯನ್ನೂ ಇಸ್ತ್ರಿ ಅಕ್ಕನ ಬಾಗಿಲಲ್ಲಿ ಬಿಟ್ಟು ಕೆಲಸಕ್ಕೆ ಓಡುತ್ತಿದ್ದರು ಅನ್ನಿ.

ಅಕ್ಕನ ಇಸ್ತ್ರಿ ಮೇಜು ಹಿತ್ತಲ ಕಿಟಕಿಗೆ ಒತ್ತಿಕೊಂಡಿತ್ತು. ಕೈ ಕಾಲರಿನ ಮೇಲೆ, ಕಣ್ಣು ನಾಯಿಗಳ ಮೇಲೆ. ಮುಂಗಾಲು ಚಾಚಿ ಬಗ್ಗಿ, ಹಿಂಭಾಗ ಮೇಲೆತ್ತಿದರೆ ಅದು ಆಟದ ಕರೆ. ಬಾಯಿ ಸಡಿಲವಾಗಿ ತೆರೆದು ಮೈ ಬಳುಕುತ್ತಿದ್ದರೆ, ಎಷ್ಟೇ ಗುರುಗುಟ್ಟಲಿ, ಅವಳು ಕೆಲಸ ಬಿಟ್ಟು ಏಳುತ್ತಿರಲಿಲ್ಲ. ಬಾಯಿ ಮುಚ್ಚಿ ಮೈ ಸೆಟೆದು ನಿಂತಿತೋ, ಸದ್ದಿಲ್ಲದಿದ್ದರೂ ಎದ್ದು ಓಡುತ್ತಿದ್ದಳು.

ಗಂಡನ ಜೊತೆ ಮಾತಿಗೆ ಮಾತು ಬೆಳೆದಾಗ ಅಕ್ಕ ಧುಮುಗುಡುತ್ತ ಗೇಟಿನವರೆಗೆ ಹೋಗಿ ನಿಲ್ಲುವಳು. ಒಳಗಿನಿಂದ ಅವನ ಕೂಗು: "ಏನೋ ಸೀದ ವಾಸನೆ ಕಣೇ! ಇಸ್ತ್ರಿ ಆರಿಸಿದ್ಯಾ?" ಶುದ್ಧ ಸುಳ್ಳು. ಗೊತ್ತಿದ್ದೂ ಒಳಗೆ ಬರುವಳು. ಬರದೇ ಇದ್ದ ದಿನ ಒಂದೂ ಇಲ್ಲ.

ಅವನು ತೀರಿಕೊಂಡ ಮೇಲೆ ಹಿತ್ತಲೂ ಖಾಲಿಯಾಗುತ್ತ ಬಂತು. ಉಳಿದದ್ದು ಅವನು ಮಡಿಲಲ್ಲಿಟ್ಟುಕೊಂಡು ಸಾಕಿದ ಬೂದಿ ಎಂಬ ನಾಯಿ ಒಂದೇ. ಮಾಲೀಕರು ಮನೆ ಕೆಡವಿ ಕಟ್ಟುತ್ತೇವೆ ಎಂದಾಗ, ತಂಗಿ ತನ್ನಲ್ಲಿಗೆ ಕರೆದಳು. ಆದರೆ ಅವಳ ಬಳಿ ಆನೆಮರಿಯಂಥ ಗುಂಡನಿದ್ದ. ಎರಡು ನಾಯಿಗೂ ಹೊಂದದಿದ್ದರೆ ಬೂದಿಯನ್ನು ಯಾರಿಗಾದರೂ ಕೊಟ್ಟು ಬರಬೇಕು ಎಂಬುದು ಅವಳ ಕರಾರು.

ಒಂದು ಭಾನುವಾರ ತಂಗಿ ಗುಂಡನನ್ನು ತಂದು ಹಿತ್ತಲಲ್ಲಿ ಬಿಟ್ಟಳು. ಹಲ್ಲು ಕಂಡವು, ಗುರುಗುಟ್ಟುವಿಕೆ ಎದ್ದಿತು, ಎರಡೂ ಉರುಳಾಡಿದವು.

"ಅಯ್ಯೋ, ಬಿಡಿಸೇ ಅಕ್ಕ! ಸಾಯಿಸಿಬಿಡುತ್ತೆ!"

"ಬಾಯ್ಮುಚ್ಚು. ಅಷ್ಟು ದೊಡ್ಡೋನು ತಾನಾಗೇ ಕೆಳಗೆ ಬಿದ್ದು ಕೊಡ್ತಿದಾನೆ, ಕಾಣಲ್ವಾ?"

ಅಷ್ಟರಲ್ಲಿ ಬೂದಿ ಮುಖ ತಿರುಗಿಸಿತು. ಬಾಯಿ ಮುಚ್ಚಿತು, ನಾಲಿಗೆ ಮೂಗು ನೆಕ್ಕಿತು. ಅಕ್ಕ ಒಂದೇ ನೆಗೆತಕ್ಕೆ ಹೋಗಿ ಗುಂಡನ ಕುತ್ತಿಗೆಪಟ್ಟಿ ಹಿಡಿದಳು.

"ನೋಡಿದ್ಯಾ? ಆಗಲ್ಲ ಅಂತ ಹೇಳಿರಲಿಲ್ವಾ?"

"ಸುಮ್ನಿರು. ಬೂದೀನೇ ಕೇಳೋಣ. ಸಾಕಾಗಿದ್ರೆ ತಿರುಗಿ ಬರಲ್ಲ."

ಬೂದಿ ನೀರಿನ ಬೋಗುಣಿಗೆ ಹೋಗಿ ಕುಡಿಯಿತು. ಅತ್ತಲೇ ಮುಖ ಮಾಡಿ ಗೋಡೆಯ ಬುಡ ಮೂಸುತ್ತ ನಿಂತಿತು. ನಾಯಿಗಳ ವಿಷಯದಲ್ಲಿ ಅಕ್ಕ ಎಂದೂ ಸುಳ್ಳು ಹೇಳಿದವಳಲ್ಲ. ಇಂದು 'ಸುಸ್ತಾಗಿದೆ ಅಷ್ಟೇ' ಎಂಬ ಸುಳ್ಳು ನಾಲಿಗೆ ತುದಿಯವರೆಗೂ ಬಂತು.

"ಪಕ್ಕದ ಬೀದೀಲಿ ಯಾರಾದ್ರೂ ಸಾಕ್ತಾರೆ ಬಿಡಕ್ಕ" ಎಂದಳು ತಂಗಿ, ದನಿ ತಗ್ಗಿಸಿ.

ಬೂದಿ ಮಳೆಯಲ್ಲಿ ನೆನೆದಂತೆ ಮೈ ಕೊಡವಿತು. ಅರ್ಧ ಸುತ್ತು ಬಳಸಿ ಬಂದು, ಗುಂಡನೆದುರು ಮುಂಗಾಲು ಚಾಚಿ ಬಗ್ಗಿತು.

"ಕರ್ಮವೇ! ಇದಕ್ಕಿನ್ನೂ ಬೇಕಂತಾ?"

"ನಾನೂ ನಿನ್ ಭಾವನೂ ಮತ್ತೇನ್ ಮಾಡ್ತಿದ್ವಿ ಅಂದ್ಕೊಂಡಿದ್ದೆ?" ಎಂದು ಅಕ್ಕ ಪಟ್ಟಿ ಬಿಟ್ಟಳು. ನಕ್ಕಳೋ ಅತ್ತಳೋ, ತಂಗಿಗೆ ತಿಳಿಯಲಿಲ್ಲ.

ಮನೆ ಬಿಡುವ ದಿನ ಸಾಮಾನೆಲ್ಲ ಮೊದಲೇ ಹೋಯಿತು. ಅಕ್ಕ ಬಾಗಿಲಿಗೆ ಬೀಗ ಹಾಕಿ, ಬೂದಿಯ ಹಗ್ಗ ಹಿಡಿದು ಗೇಟಿಗೆ ಬಂದಳು. ಅಲ್ಲಿ ಕಾಲು ಅಭ್ಯಾಸಬಲದಿಂದ ನಿಂತಿತು. ಬೂದಿಯೂ ಕಿವಿಯನ್ನು ಮನೆಯ ಕಡೆ ತಿರುಗಿಸಿ ನಿಂತಿತು.

"ಆರಿಸಿದೀನಿ ಕಣ್ರೀ" ಎಂದಳು ಅಕ್ಕ, ಮುಚ್ಚಿದ ಬಾಗಿಲಿನತ್ತ ನೋಡಿ. ಆಮೇಲೆ ಗೇಟು ಎಳೆದುಕೊಂಡು ಬೀದಿಗಿಳಿದಳು.