ಪರಸೋ ಎಂಬ ತಾರೀಖು

ಒಂದು ಕಾರ್ಖಾನೆಯ ಭವಿಷ್ಯವನ್ನು ನಾನು ಒಂದೇ ಒಂದು ಹಿಂದಿ ಪದದಿಂದ ಬದಲಿಸಿದ್ದೇನೆ. ಬಯೋಡೇಟಾದಲ್ಲಿ ಇದನ್ನು ಹಾಕಿಲ್ಲ.

ಹೈದರಾಬಾದಿನಲ್ಲಿ ಇಡ್ಲಿ ಹೋಟೆಲುಗಳೂ ತಮ್ಮ ಹೆಸರಿನ ಹಿಂದೆ ‘ಸೈಬರ್’ ಸೇರಿಸಿಕೊಳ್ಳುತ್ತಿದ್ದ ಕಾಲ ಅದು. ಚಟ್ನಿ ಮಾತ್ರ ಹಳೆಯದೇ. ಹಿಮಾಯತ್‌ನಗರದ ಸೀರೆ ಅಂಗಡಿಯೊಂದರ ಮೇಲಿದ್ದ ಪುಟ್ಟ ಸಾಫ್ಟ್‌ವೇರ್ ಕಂಪನಿಗೆ ನಾನು ಮೈಸೂರಿನಿಂದ ಆಗಷ್ಟೇ ಬಂದು ಸೇರಿದ್ದೆ. ಮೊದಲ ಗಿರಾಕಿ ನಾಚಾರಂನಲ್ಲಿ ರಬ್ಬರ್ ವಾಷರ್ ಮಾಡುವ ಕಾರ್ಖಾನೆಯ ಪ್ರಸಾದ್‌ಗಾರು. ದೊಡ್ಡ ಹೋಟೆಲಿನ ಸಮ್ಮೇಳನವೊಂದಕ್ಕೆ ಹೋಗಿ ಬಂದ ಮೇಲೆ ಅವರ ಬಾಯಲ್ಲಿ ‘ಸ್ಟ್ರಾಟಜಿ’ ಕೂತುಬಿಟ್ಟಿತ್ತು. ಹಾಗೆಂದರೇನು ಎಂದರೆ ಕಂಪ್ಯೂಟರ್ ಎನ್ನುವರು. ಕಂಪ್ಯೂಟರ್ ಏಕೆ ಎಂದರೆ, ಬೇಗ ಆಗುತ್ತದಲ್ಲ ಎನ್ನುವರು. ಏನು ಬೇಗ ಆಗುತ್ತದೆ ಎಂದು ನಾವು ಕೇಳುತ್ತಿರಲಿಲ್ಲ. ಕೇಳಿದರೆ ಮಾರಾಟ ಕೆಡುತ್ತದೆ.

ಅವರನ್ನೇನು ಬೈಯುವುದು? ಕನ್ನಡವೂ ಸಾಚಾ ಅಲ್ಲ. ಸ್ಟ್ರಾಟಜಿಗೆ ಕಾರ್ಯತಂತ್ರ, ಟೆಕ್ನಾಲಜಿಗೆ ತಂತ್ರಜ್ಞಾನ. ದೊಡ್ಡವರು ಎರಡರಿಂದಲೂ ತಂತ್ರವನ್ನು ಕಿತ್ತುಕೊಂಡರು. ಕಾರ್ಯವೂ ಜ್ಞಾನವೂ ನೆಲಕ್ಕೆ ಬಿದ್ದವು.

ಆ ಕಾರ್ಖಾನೆಯ ಮೂಲೆಯಲ್ಲೊಂದು ಮೇಜು. ಹುಮನಾಬಾದ್ ಕಡೆಯ ಶರಣಪ್ಪನವರದು. ಎಲ್ಲೋ ಒಂದು ಹಳೆಯ ಯಂತ್ರ ಕೆಟ್ಟಿರುತ್ತದೆ, ಅದನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿರುತ್ತದೆ. ಯಂತ್ರದವರು ಹರಿದ ರಬ್ಬರ್ ಉಂಗುರವನ್ನು ಪೇಪರಿನಲ್ಲಿ ಸುತ್ತಿಕೊಂಡು ಇವರಲ್ಲಿಗೆ ಬರುವರು. ಶರಣಪ್ಪನವರು ಅದನ್ನು ಅಳೆದು, ಅಚ್ಚು ಕೊರೆದು, ಅಂಥದ್ದೇ ಒಂದನ್ನು ಮಾಡಿಕೊಡುವರು. ವಾರ ಹಿಡಿಯುತ್ತಿತ್ತು, ತಿಂಗಳೂ ಹಿಡಿಯುತ್ತಿತ್ತು. ಬೇರೆಲ್ಲೂ ಸಿಗದ ಕಾರಣ ಜನ ಕಾಯುತ್ತಿದ್ದರು.

ನಾನು ಆ ಮೇಜಿನ ಪಕ್ಕ ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಒಂದೊಂದು ಉಂಗುರ ಹೊರಹೋದಾಗಲೂ, ಇದರ ಆರ್ಡರ್ ಬಂದದ್ದು ಯಾವಾಗ ಎಂದು ಕೇಳುವೆ. ಪರಸೋ, ಎನ್ನುವರು ಶರಣಪ್ಪ. ನನ್ನ ಶಾಲೆಯ ಹಿಂದಿಯಲ್ಲಿ ಪರಸೋ ಎಂದರೆ ಮೊನ್ನೆ. ಎರಡು ದಿನ ಹಿಂದಿನ ತಾರೀಖು ಒತ್ತುವೆ. ಹೀಗೆ ಒಂದು ತಿಂಗಳೋ ಎರಡೋ. ಪಕ್ಕದಲ್ಲಿ ಫ್ಯಾನ್ ಇತ್ತು ಎನ್ನುತ್ತದೆ ನನ್ನ ನೆನಪು. ಆ ಫ್ಯಾನನ್ನು ನೆನಪೇ ಆಮೇಲೆ ತಂದಿಟ್ಟಿರಬೇಕು.

ಕೊನೆಗೆ ಕಂಪ್ಯೂಟರ್ ವರದಿ ಕೊಟ್ಟಿತು: ಈ ಕಾರ್ಖಾನೆಯಲ್ಲಿ ಏನೇ ಮಾಡಲಿ, ಎರಡೇ ದಿನ. ಪ್ರಸಾದ್‌ಗಾರು ಅದನ್ನು ಬಣ್ಣದಲ್ಲಿ ಮುದ್ರಿಸಿ, ಕಟ್ಟು ಹಾಕಿಸಿ, ದೇವರ ಪಟದ ಪಕ್ಕ ತೂಗುಹಾಕಿದರು. ಎರಡು ದಿನದಲ್ಲಿ ಯಾವ ವಾಷರಾದರೂ ಸರಿ ಎಂದು ಊರಿಗೆಲ್ಲ ಸಾರಿದರು. ನಾಚಾರಂನ ಪ್ರತಿ ಶೆಡ್ಡಿನಲ್ಲೂ ಆಗುವ ಸಾದಾ ವಾಷರುಗಳಿಗೆ ಆರ್ಡರುಗಳು ಬಂದವು. ಅವನ್ನು ಒತ್ತಲು ಹೊಸ ಪ್ರೆಸ್ ಬೇಕು, ಪ್ರೆಸ್ಸಿಗೆ ಜಾಗ ಬೇಕು. ಸೋಮವಾರ ಶರಣಪ್ಪನವರ ಮೇಜು ಎತ್ತುವುದೆಂದು ಮೀಟಿಂಗಿನಲ್ಲಿ ತೀರ್ಮಾನವಾಯಿತು.

ಹೊರಗೆ ಚಹಾದಂಗಡಿಯಲ್ಲಿ ಶರಣಪ್ಪನವರು ನನ್ನನ್ನು ಹಿಡಿದರು. “ಎರಡು ದಿನದ ಲೆಕ್ಕ ಎಲ್ಲಿಂದ ತಂದ್ರೀ ಸರ?”

ನೀವೇ ಪರಸೋ ಎಂದಿರಲ್ಲ, ಎಂದೆ.

ಅವರು ಸಾಸರನ್ನು ಕೆಳಗಿಟ್ಟರು. “ನನ್ನ ಲಗ್ನ ಆಗಿದ್ದೂ ಪರಸೋನೇರಿ.”

ಹೈದರಾಬಾದಿನಲ್ಲಿ ನಿನ್ನೆಗಿಂತ ಆಚೆಯದೆಲ್ಲ ಪರಸೋ: ಹೋದ ವಾರ, ಹತ್ತು ವರ್ಷದ ಹಿಂದಿನ ಜ್ವರ, ನಿಜಾಮರ ಆಳ್ವಿಕೆ. ನೆನಪಿನ ಬಗ್ಗೆ ಇಷ್ಟು ಪ್ರಾಮಾಣಿಕವಾದ ಪದ ನನಗೆ ಬೇರೆ ಗೊತ್ತಿಲ್ಲ. ನಾನು ಅದರ ಕೊರಳಿಗೆ ತಾರೀಖು ಕಟ್ಟಿದ್ದೆ.

“ಎರಡು ದಿನದಾಗ ಲಗೂ ಎಲ್ಲಾರೂ ಮಾಡ್ತಾರ್ರಿ,” ಎಂದರು ಶರಣಪ್ಪ. “ಮಂದಿ ನಮ್ಮ ಕಡೀಗೇ ಯಾಕ ಬರಬೇಕು? ಅದನ್ನ ಕೇಳ್ರಿ ನಿಮ್ಮ ಕಂಪ್ಯೂಟರಿಗೆ.”

ಈ ಕಥೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಒಳ್ಳೆಯ ಆವೃತ್ತಿಯಲ್ಲಿ ನಾನು ಮೀಟಿಂಗಿಗೆ ನುಗ್ಗಿ ಗುಡುಗುತ್ತೇನೆ. ನಡೆದದ್ದು, ಬಹುಶಃ, ಪ್ರಸಾದ್‌ಗಾರು ಕಾರಿನ ಬಾಗಿಲು ತೆಗೆಯುವಾಗ ನಾನು ತಪ್ಪೊಪ್ಪಿಕೊಂಡದ್ದು. ಅವರು ಬೈಯಲಿಲ್ಲ, ಬೆನ್ನು ತಟ್ಟಿದರು. ಎರಡು ದಿನ ಎಂಬುದು ನಿಜವಲ್ಲದಿದ್ದರೆ ಅದನ್ನೇ ಗುರಿ ಮಾಡಿಕೊಳ್ಳೋಣ, ಸ್ಟ್ರಾಟಜಿ ಎಂದರೆ ಇನ್ನೇನು, ಎಂದರು. ನನ್ನ ತಪ್ಪಿಗೆ ದೂರದೃಷ್ಟಿ ಎಂಬ ಬಡ್ತಿ ಸಿಕ್ಕಿತು. ಸೋಮವಾರ ಮೇಜು ಗುಜರಿಯ ಜೊತೆ ಅಂಗಳಕ್ಕೆ ಬಂತು. ಶರಣಪ್ಪ ಅದನ್ನು ಆಟೊ ಟ್ರಾಲಿಗೆ ಹಾಕಿಕೊಂಡು ಹೋದರು.

ಆಮೇಲೆ ನಾಚಾರಂನ ಶೆಡ್ಡುಗಳೆಲ್ಲ ಕಂಪ್ಯೂಟರ್ ಕೊಂಡವು. ಎಲ್ಲರೂ ಒಂದೇ ವಾಷರನ್ನು ಒಂದೇ ವೇಗದಲ್ಲಿ ಒತ್ತತೊಡಗಿದರು. ನಮ್ಮ ಕಂಪನಿ, ನಾಚಿಕೆಯಿಲ್ಲದೆ, ನನ್ನನ್ನು ಶರಣಪ್ಪನವರ ಬಳಿಗೂ ಮಾರಲು ಕಳಿಸಿತು. ಎರಡು ಗಲ್ಲಿ ಆಚೆ ಅವರದೇ ಒಂದು ಮಳಿಗೆ. ಪೇಪರಿನ ಪೊಟ್ಟಣ ಹಿಡಿದು ನಾಲ್ಕೈದು ಮಂದಿ ಕಾಯುತ್ತಿದ್ದರು.

ಕಂಪ್ಯೂಟರ್ ಬೇಡ, ಒಂದು ಬೋರ್ಡ್ ಬರೆದುಕೊಡಿ ಎಂದರು. ಅವರು ಹೇಳಿದಂತೆ ಬರೆದೆ: ಸಾದಾ ವಾಷರ್ ಇಲ್ಲ. ಡಜನ್ ಲೆಕ್ಕದಲ್ಲಿ ಇಲ್ಲ. ಅರ್ಜೆಂಟ್ ಇಲ್ಲ. ನಾನು ಬರೆದ ಏಕೈಕ ಸ್ಟ್ರಾಟಜಿ ಅದು, ಅದೂ ಉಕ್ತಲೇಖನ.

ಹಾಗಾದರೆ ಇಲ್ಲಿ ಏನು ಸಿಗುತ್ತದೆ ಎಂದು ಕೆಳಗೆ ಹಾಕಲೇ ಎಂದೆ.

“ಬ್ಯಾಡ್ರಿ,” ಎಂದರು. “ಬೇಕಾದವರು ಹರಿದಿದ್ದು ಕೈಯಾಗ ಹಿಡಕೊಂಡೇ ಬರ್ತಾರ.”