ನಳಿಗೆಯ ಬಾಯಿಗೆ ಹಚ್ಚಿದ ಗಂಧ

ಇವತ್ತು ಬೆಳಿಗ್ಗೆ ಆಯುಧಪೂಜೆಗೆಂದು ಗಂಧದ ಪುಡಿಯ ಡಬ್ಬಿ ತೆರೆದರೆ, ಪುಡಿಯೊಳಗೆ ಅರ್ಧ ಹೂತುಕೊಂಡು ಒಂದು ಹಿತ್ತಾಳೆಯ ಕೊಳವೆ ಕೂತಿತ್ತು. ಕಿರುಬೆರಳಿನ ಒಂದು ಗೆಣ್ಣಿನಷ್ಟುದ್ದ, ಒಳಗೆ ಪೊಳ್ಳು. ಪಿಸ್ತೂಲಿನಲ್ಲಿ ಹಾರಿಸಿಯಾದ ತೋಟಾದ ಖಾಲಿ ಕವಚ. ಗಾಬರಿಯಾಗಬೇಡಿ, ನಾನು ಜಿರಲೆ ಕಂಡರೂ ಕುರ್ಚಿ ಹತ್ತುವವಳು. ಅದನ್ನು ಮೂಗಿಗೆ ಹಿಡಿದೆ. ಡೌನರ್ಸ್ ಗ್ರೋವ್‌ನ ಈ ಅಡುಗೆಮನೆ ಮೆಲ್ಲಗೆ ಮಸುಕಾಗಿ, ಆಬರ್ನ್ ಹಿಲ್ಸ್‌ನ ಒಂದು ಬೇಸ್ಮೆಂಟು ಎದುರಿಗೆ ಬಂತು.

ಆಗ ನಾನು ಅದರ ಪಕ್ಕದ ಊರಾದ ಟ್ರಾಯ್‌ನಲ್ಲಿದ್ದೆ. ಬ್ರೇಕಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರ್, ಅಂದರೆ ಇನ್ನೊಬ್ಬರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಉದ್ಯೋಗ. ಭಾನುವಾರದ ಊಟ ಮಾತ್ರ ಆ ಬೇಸ್ಮೆಂಟಿದ್ದ ಶೇಷಾದ್ರಿ ಅಂಕಲ್ ಮನೆಯಲ್ಲಿ. ಮೈಸೂರಿನವರು, ನಲವತ್ತು ವರ್ಷ ಕಾರಿನ ಭಾಗಗಳನ್ನು ಒತ್ತುವ ಅಚ್ಚುಗಳನ್ನು ಮಾಡಿ ನಿವೃತ್ತರಾದವರು. ಅವರಿಗಿದ್ದ ಒಂದೇ ಚಟ, ಶೂಟಿಂಗ್ ಕ್ಲಬ್ಬಿಗೆ ಹೋಗಿ ಪಿಸ್ತೂಲಿನಿಂದ ಕಾಗದದ ಗುರಿ ಹೊಡೆಯುವುದು. ಸಾಂಬಾರಿಗೆ ಈರುಳ್ಳಿ ಬಿದ್ದರೂ ಮುಖ ಸಿಂಡರಿಸುವ ಮನುಷ್ಯ! ಕೇಳಿದರೆ, "ನನಗೆ ವೈರ ಇರೋದು ಪೇಪರ್ ಜೊತೆ ಮಾತ್ರ ಕಣಮ್ಮ" ಅನ್ನುತ್ತಿದ್ದರು.

ತೋಟಾಗಳನ್ನೂ ಅವರೇ ತುಂಬುತ್ತಿದ್ದರು. ಹಾರಿಸಿದ ಕವಚಗಳನ್ನು ಆರಿಸಿ ತಂದು, ತೊಳೆದು, ಕೈಪ್ರೆಸ್ಸಿನಲ್ಲಿ ತಿದ್ದಿ, ಮತ್ತೆ ಮದ್ದು, ಮತ್ತೆ ಗುಂಡು. ಬೇಸ್ಮೆಂಟಿನ ಚಿಕ್ಕ ಕಿಟಕಿಯಿಂದ ಇಳಿಯುವ ಬಿಸಿಲಿನಲ್ಲಿ ಹಿತ್ತಾಳೆಯೆಲ್ಲ ಬೆಳಗಿದ ದೀಪಗಳ ಹಾಗೆ ಹೊಳೆಯುತ್ತಿತ್ತು. ಮೂಲೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಗುನುಗುತ್ತಿತ್ತು. ಆ ಮಂಪರಿನಲ್ಲಿ ಕೂತು ನಾನು ಎಷ್ಟು ಭಾನುವಾರಗಳನ್ನು ಕಳೆದೆನೋ. ತುಂಬಿದ ಮೇಲೆ ಒಂದು ಪರೀಕ್ಷೆ. ಪಿಸ್ತೂಲಿನ ನಳಿಗೆಯನ್ನು ಬಿಚ್ಚಿ ಹಿಡಿದು, ತೋಟಾ ಕೂರುವ ಹಿಂಬದಿಯ ಗೂಡಿಗೆ ಒಂದೊಂದನ್ನೇ ಬಿಡುವುದು. 'ಟಣ್' ಎಂದು ಇಳಿಯಬೇಕು, ಬೋರಲು ಹಾಕಿದರೆ ತಾನಾಗಿ ಅಂಗೈಗೆ ಜಾರಬೇಕು. ಆ ಟಣ್ ಕೇಳಿದಾಗಲೆಲ್ಲ ಅಂಕಲ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಆ ವರ್ಷ ಅವರು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಆಯುಧಪೂಜೆ ಕಳೆದು ಬಂದ ಭಾನುವಾರ ನಾನು ಕೆಳಗಿಳಿದಾಗ ಟಣ್ ಎಂಬ ಸದ್ದಿರಲಿಲ್ಲ. ಹೊಸದಾಗಿ ತುಂಬಿದ್ದ ಒಂದೊಂದು ತೋಟಾವೂ ಗೂಡಿನ ಬಾಯಲ್ಲೇ ಕಚ್ಚಿಕೊಳ್ಳುತ್ತಿತ್ತು. ಉಗುರು ಹಾಕಿ ಎಳೆದರೆ ಮಾತ್ರ ಹೊರಗೆ. ಅಂಕಲ್ ತೋಟಾದ ಉದ್ದ ಅಳೆದಿದ್ದರು, ಅದರ ಬಾಯಿ ಅಗಲವಾಗಿದೆಯೇ ನೋಡಿದ್ದರು, ಕವಚ ಉಬ್ಬಿದೆಯೇ ಎಂದು ತಡವಿದ್ದರು. ನೋಟ್‌ಬುಕ್ಕಿನ ಮೂರು ಪುಟ ತುಂಬಿತ್ತು.

"ಬ್ಯಾರೆಲ್ ನೋಡಿದ್ರಾ ಅಂಕಲ್?"

"ಹಬ್ಬದ ಹಿಂದಿನ ದಿನ ನಾನೇ ಕ್ಲೀನ್ ಮಾಡಿದೀನಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ತಪ್ಪು ನನ್ನ ಕೈಯದು ಕಣಮ್ಮ. ಕೈಯದು, ಕಣ್ಣಿಂದು." ಕೈಗಳೆರಡನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಕೂತರು. "ಕ್ಲಬ್ಬಿನವರೊಬ್ರಿಗೆ ಹೇಳಿದೀನಿ. ಶನಿವಾರ ಬಂದು ಪ್ರೆಸ್ ತಗೊಂಡು ಹೋಗ್ತಾರೆ."

ಪ್ರೆಸ್ಸು ಹೋದರೆ ಈ ಮನುಷ್ಯ ಇನ್ನು ಯಾವುದನ್ನೂ ಕೈಯಾರೆ ಮಾಡಲಾರರು ಎಂದು ನನಗೆ ಖಾತ್ರಿಯಾಗಿತ್ತು. ತೋಟಾಗಳನ್ನು ನೋಡುತ್ತ ಕೂತೆ. ನೂರಕ್ಕೆ ನೂರೂ ಫೇಲ್. ನಮ್ಮ ಕೆಲಸದಲ್ಲಿ ಹೊಸಬರಿಗೂ ಗೊತ್ತಿರುವ ಪಾಠ ಆಗ ತಲೆಗೆ ಹೊಳೆಯಿತು: ಎಲ್ಲ ಭಾಗವೂ ಒಟ್ಟಿಗೆ ಕೆಟ್ಟರೆ ಮೊದಲು ಅಳೆಯುವ ಸಾಧನವನ್ನು ನೋಡು. ಇಲ್ಲಿ ಸಾಧನ ಆ ನಳಿಗೆಯೇ. ಸುಮ್ಮನೆ ಎತ್ತಿ ಕಣ್ಣಿನ ಹತ್ತಿರ ತಂದೆ.

ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು. ಗಂಧ!

ಹಬ್ಬದ ದಿನ ಅಂಕಲ್ ಹೆಂಡತಿ ವತ್ಸಲಾ ಆಂಟಿ ನನ್ನ ಕೈಗೆ ಗಂಧದ ಬಟ್ಟಲು ಕೊಟ್ಟು, "ಕೆಳಗಿರೋ ಅವರ ಸಾಮಾನಿಗೂ ಹಚ್ಚಿಬಿಡಮ್ಮ" ಎಂದಿದ್ದರು. ಪ್ರೆಸ್ಸಿಗೆ ಹಚ್ಚಿದೆ, ತಕ್ಕಡಿಗೆ ಹಚ್ಚಿದೆ. ಟವೆಲಿನ ಮೇಲೆ ಒಂಟಿಯಾಗಿ ಮಲಗಿದ್ದ ನಳಿಗೆ ಕಂಡು ಪಾಪ ಅನ್ನಿಸಿ, ಉಂಗುರದ ಬೆರಳಿನಿಂದ ಅದರ ಹಿಂಬದಿಯ ಬಾಯಿಗೂ ಧಾರಾಳವಾಗಿ ಒಂದು ಸುತ್ತು ಹಚ್ಚಿದ್ದೆ. ಹೊರಗಿನದನ್ನು ಅಂಕಲ್ ಒರೆಸಿದ್ದಾರೆ. ಒಳಗಿನದು ಒಣಗಿ ತೆಳ್ಳನೆ ಬಳೆಯಾಗಿ ಕೂತಿದೆ. ಊರಿನ ತಪ್ಪೆಲ್ಲ ಹುಡುಕುವವಳ ಬೆರಳು ಮಾಡಿದ ಕೆಲಸ ಇದು.

ಸದ್ದಿಲ್ಲದೆ ಒರೆಸಿಟ್ಟು ಜಾಣೆ ಅನ್ನಿಸಿಕೊಳ್ಳಬಹುದಿತ್ತು. ಆಸೆಯೂ ಆಯಿತು, ಸುಳ್ಳೇಕೆ? ಆದರೆ ತೊಡೆಯ ಕೆಳಗಿನ ಆ ಕೈಗಳನ್ನು ನೋಡಿ ಆಗಲಿಲ್ಲ.

"ನೆಲಾನೇ ಡೊಂಕಿತ್ತು ಅಂಕಲ್. ಡೊಂಕು ಮಾಡಿದ್ದು ನಾನು" ಎಂದು ಎಲ್ಲ ಹೇಳಿದೆ.

ಅವರು ಒದ್ದೆ ಬಟ್ಟೆ ಸುತ್ತಿದ ಕಡ್ಡಿಯಿಂದ ಗೂಡನ್ನು ಉಜ್ಜಿ, ಒಣಗಿಸಿ, ಒಂದು ತೋಟಾ ಬಿಟ್ಟರು. ಟಣ್. ಇನ್ನೊಂದು. ಟಣ್. ಆಮೇಲೆ ಎರಡೂ ಕೈಗಳನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಹಾಗಾದ್ರೆ ಇವು ಇನ್ನೂ ಇವೆ" ಎಂದರು. ಕಣ್ಣು ತುಂಬಿತ್ತು. ನನ್ನದೂ. ಶನಿವಾರ ಬರಬೇಕಿದ್ದವರಿಗೆ ಅಲ್ಲಿಂದಲೇ ಫೋನ್ ಮಾಡಿ, ಬರುವುದು ಬೇಡ ಎಂದರು. ಆ ವಾರ ಕ್ಲಬ್ಬಿನಲ್ಲಿ ಹಾರಿಸಿದ ಮೊದಲ ತೋಟಾದ ಕವಚವನ್ನು ನನಗೆ ಕೊಟ್ಟರು; ಅದನ್ನು ಗಂಧದ ಡಬ್ಬಿಯಲ್ಲೇ ಇಟ್ಟುಕೊಂಡೆ.

ಅದಾಗಿ ಆರು ವರ್ಷ. ಇವತ್ತು ಆ ಕವಚವನ್ನು ಅಂಗೈಯಲ್ಲಿಟ್ಟುಕೊಂಡೇ ಫೋನ್ ಮಾಡಿದೆ.

"ಕಾರಿಗೆ ಗಂಧ ಹಚ್ಚೋಕೆ ಹೊರಟಿದೀನಿ ಅಂಕಲ್."

"ತೂತುಗಳನ್ನ ಬಿಟ್ಟು ಹಚ್ಚಮ್ಮ!" ಎಂದು ನಕ್ಕರು. ಆಮೇಲೆ, "ಪ್ರೆಸ್ ಕೊಟ್ಟುಬಿಟ್ಟೆ ಕಣಮ್ಮ, ಹೋದ ತಿಂಗಳು. ಕೈ ನಡುಗುತ್ತೆ" ಎಂದರು.

ನಾನು ತಕ್ಷಣ ಕೇಳಿದೆ: "ಬ್ಯಾರೆಲ್ ಒಂದ್ಸಲ..."

"ನೋಡ್ದೆ. ಮೂಸೂ ನೋಡ್ದೆ. ಈ ಸಲ ನೆಲ ನೆಟ್ಟಗಿದೆ ಕಣಮ್ಮ" ಎಂದರು, ಸಮಾಧಾನವಾಗಿ, ನನ್ನನ್ನೇ ಸಂತೈಸುವವರ ಹಾಗೆ. "ಆರು ವರ್ಷ ಕುಣಿದೆನಲ್ಲ."

ಗಂಧ ಕಲಸಿದೆ. ಕಾರಿನ ಬಳಿಗೆ ಹೋಗುವ ಮುಂಚೆ ಆ ಕವಚವನ್ನು ದೀಪದ ಪಕ್ಕ ನಿಲ್ಲಿಸಿ ಒಂದು ಬೊಟ್ಟಿಟ್ಟೆ, ಹೊರಗಡೆಗೆ.